ಬೆಳ್ಳಿ ನಾಣ್ಯವೋ, ಕಾಗದದ ನೋಟೋ: ಅಮೆರಿಕದ ಹಳೇ ಜಗಳದಲ್ಲಿ ಯಾರ ಮಾತು ಸರಿ?

ಹಳೇನಾಣ್ಯ

ಇನ್ನೊಂದು ಚರ್ಚೆಯಲ್ಲಿ ಯಾರೋ ಒಬ್ಬರು "ಅಮೆರಿಕದವರು ಶುರುವಿನಲ್ಲಿ ಬೆಳ್ಳಿ ಬಿಟ್ಟು ಕಾಗದ ಹಿಡಿದರು, ಮುಳುಗಿದರು, ಆಮೇಲೆ ಬುದ್ಧಿ ಬಂದು ಸಂವಿಧಾನದಲ್ಲೇ ಕಾಗದ ನಿಲ್ಲಿಸಿದರು" ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದರು. ಅಲ್ಲಿ ಉತ್ತರ ಬರೆದರೆ ವಿಷಯ ಎಲ್ಲೆಲ್ಲೋ ಹೋಗುತ್ತಿತ್ತು. ಅದಕ್ಕೆ ಇಲ್ಲಿ ಬೇರೆಯಾಗಿ ಹಾಕುತ್ತಿದ್ದೇನೆ.

ಅವರು ಬೆಳ್ಳಿ ಬಿಡಲಿಲ್ಲ. ಬಿಡುವುದಕ್ಕೆ ಬೆಳ್ಳಿ ಇದ್ದರೆ ತಾನೇ? ಇಂಗ್ಲೆಂಡಿನವರು ತಮ್ಮ ನಾಣ್ಯವನ್ನು ವಸಾಹತುಗಳಿಗೆ ಸಾಗಿಸಲು ಬಿಡುತ್ತಿರಲಿಲ್ಲ, ಅಲ್ಲಿಯವರು ಸ್ವಂತ ಟಂಕಸಾಲೆ ಇಟ್ಟುಕೊಳ್ಳುವುದೂ ಅವರಿಗೆ ಬೇಕಿರಲಿಲ್ಲ. ವೆಸ್ಟ್ ಇಂಡೀಸ್ ದ್ವೀಪಗಳಿಗೆ ಮೀನು, ಮರ, ಹಿಟ್ಟು ಮಾರಿ ಸಂಪಾದಿಸಿದ ಸ್ಪೇನಿನ ಬೆಳ್ಳಿ ಡಾಲರುಗಳು ಬಟ್ಟೆಗೆ, ಮೊಳೆಗೆ, ಪಾತ್ರೆಗೆ ಎಂದು ಲಂಡನ್ನಿಗೆ ಹೊರಟುಬಿಡುತ್ತಿದ್ದವು. ಮೆಸಾಚುಸೆಟ್ಸ್‌ನವರು 1652ರಲ್ಲಿ ಜಾನ್ ಹಲ್ ಎಂಬ ಅಕ್ಕಸಾಲಿಗನನ್ನು ಹಿಡಿದು ಬೆಳ್ಳಿ ಶಿಲ್ಲಿಂಗ್ ಹೊಡೆಸಿದರು. ಮೂವತ್ತು ವರ್ಷ ಹೊಡೆದರೂ ಹೆಚ್ಚುಕಡಿಮೆ ಎಲ್ಲದರ ಮೇಲೂ ಇಸವಿ 1652 ಎಂದೇ ಇದೆ! ಆ ವರ್ಷ ಇಂಗ್ಲೆಂಡಿನಲ್ಲಿ ರಾಜನೇ ಇರಲಿಲ್ಲ, ಆದ್ದರಿಂದ ಯಾರ ಅಪ್ಪಣೆ ಪಡೆದಿರಿ ಎಂದು ಮುಂದೆ ಯಾರೂ ಕೇಳುವಂತಿರಬಾರದು ಎಂಬ ಉಪಾಯ ಅಂತ ಹೇಳುತ್ತಾರೆ. ವರ್ಜೀನಿಯಾದಲ್ಲಿ ಹೊಗೆಸೊಪ್ಪೇ ದುಡ್ಡು. ನ್ಯೂ ಇಂಗ್ಲೆಂಡಿನಲ್ಲಿ ಸ್ವಲ್ಪ ಕಾಲ ಮೂಲನಿವಾಸಿಗಳ ಚಿಪ್ಪಿನ ಮಣಿಸರವೂ ದುಡ್ಡಾಗಿ ನಡೆಯಿತು.

ಕಾಗದ ಬಂದದ್ದು 1690ರಲ್ಲಿ. ಮೆಸಾಚುಸೆಟ್ಸ್‌ನ ಸೈನ್ಯ ಫ್ರೆಂಚರ ಕ್ವಿಬೆಕ್ ಮೇಲೆ ದಂಡೆತ್ತಿ ಹೋಗಿತ್ತು. ಅಲ್ಲಿ ಲೂಟಿ ಸಿಗುತ್ತದೆ, ಅದರಲ್ಲೇ ಸಂಬಳ ಕೊಟ್ಟರಾಯಿತು ಎಂಬ ಲೆಕ್ಕಾಚಾರ. ಸೋತು ಬಂದರು. ಲೂಟಿ ಇಲ್ಲ, ಖಜಾನೆಯಲ್ಲಿ ಕಾಸಿಲ್ಲ, ಸಂಬಳ ಕೇಳುವ ಸೈನಿಕರು ಬಾಗಿಲಲ್ಲಿ. ಆಗ ಸರ್ಕಾರ ಚೀಟಿ ಬರೆದುಕೊಟ್ಟಿತು: ಇದನ್ನು ತೆರಿಗೆ ಕಟ್ಟುವಾಗ ವಾಪಸ್ ತಗೋತೇವೆ ಎಂದು. ಇಂಗ್ಲೆಂಡಿನ ವಸಾಹತುಗಳಲ್ಲಿ ಸರ್ಕಾರವೊಂದು ಹೊರಡಿಸಿದ ಮೊದಲ ಕಾಗದದ ಹಣ ಅದೇ.

ನನ್ನ ವಾದ ಇಷ್ಟೇ. ಕೊಟ್ಟ ನೋಟನ್ನು ತೆರಿಗೆಯಲ್ಲೋ ಸಾಲದ ಕಂತಿನಲ್ಲೋ ವಾಪಸ್ ಎಳೆದುಕೊಂಡ ಕಡೆ ಅದು ನಿಂತಿತು. ಎಳೆದುಕೊಳ್ಳುವ ಶಕ್ತಿ ಇಲ್ಲದ ಕಡೆ ಬಿತ್ತು. ಕಾಗದವೋ ಲೋಹವೋ ಎಂಬುದು ಆಮೇಲಿನ ಪ್ರಶ್ನೆ.

ಶೆಟ್ರಂಗಡಿ

ಬರೆದದ್ದೆಲ್ಲ ಚೆನ್ನಾಗಿದೆ ಸರ್. ಆದರೆ "ವಾಪಸ್ ಎಳೆದುಕೊಂಡ ಕಡೆ" ಎನ್ನುವಲ್ಲೇ ಇಡೀ ಜಗಳ ಇದೆ ಅಲ್ವಾ? ಕೈಯಲ್ಲಿ ಅಚ್ಚುಮೊಳೆ ಇರುವ ಸರ್ಕಾರ ವಾಪಸ್ ಯಾಕೆ ಎಳೆದುಕೊಳ್ಳುತ್ತದೆ? ಮುಂದಿನ ವರ್ಷ ಚುನಾವಣೆ, ಅದರ ಮುಂದಿನ ವರ್ಷ ಯುದ್ಧ, ಈಗ ತೆರಿಗೆ ಬೇಡ ಬಿಡಿ ಎನ್ನುತ್ತಾರೆ. ನೀವು ಹೇಳಿದ ಮೆಸಾಚುಸೆಟ್ಸ್‌ನ ಗತಿಯೇ ನೋಡಿ. ಆರು ಶಿಲ್ಲಿಂಗಿನ ಒಂದು ಸ್ಪ್ಯಾನಿಷ್ ಡಾಲರಿಗೆ 1749ರ ಹೊತ್ತಿಗೆ ಅವರ ಕಾಗದದಲ್ಲಿ 45 ಶಿಲ್ಲಿಂಗ್ ಕೊಡಬೇಕಾಗಿತ್ತು. ಗಂಡ ಸತ್ತ ಹೆಂಗಸು ಇದ್ದಬದ್ದ ಹಣವನ್ನು ಬಡ್ಡಿಗೆ ಬಿಟ್ಟಿದ್ದರೆ ಏನಾಗಿರಬೇಕು ಯೋಚಿಸಿ. ಸಾಲ ಪಡೆದವನು ನಗುನಗುತ್ತಾ ಬಂದು ರದ್ದಿ ಕೊಟ್ಟು ಪತ್ರ ಹರಿಸಿಕೊಂಡು ಹೋಗುತ್ತಾನೆ.

ರೋಡ್ ಐಲೆಂಡಿನವರು ಇನ್ನೂ ಜೋರು. ಪುಟ್ಟ ವಸಾಹತು, ಆದರೆ ಅಚ್ಚು ಹಾಕುವುದರಲ್ಲಿ ಎಲ್ಲರಿಗಿಂತ ಮುಂದೆ. ಅವರ ನೋಟು ಅಕ್ಕಪಕ್ಕದವರ ಊರಿಗೂ ಹೋಗಿ ಅಲ್ಲಿನ ಬೆಲೆಯನ್ನೂ ಕೆಡಿಸುತ್ತಿತ್ತು. ಬ್ರಿಟಿಷ್ ಪಾರ್ಲಿಮೆಂಟು 1751ರಲ್ಲಿ ನ್ಯೂ ಇಂಗ್ಲೆಂಡಿಗೆ, 1764ರಲ್ಲಿ ಉಳಿದ ವಸಾಹತುಗಳಿಗೆ ಲಗಾಮು ಹಾಕಿದ್ದು ಸುಮ್ನೆ ಅಲ್ಲ.

ಬೋಸ್ಟನ್ ಕನ್ನಡತಿ

ಶೆಟ್ರೇ, 45 ಶಿಲ್ಲಿಂಗ್ ಸರಿ. ಆದರೆ ಆ ಕಥೆಯ ಉಳಿದ ಭಾಗವನ್ನು ಬಿಟ್ಟಿರಿ. 1745ರಲ್ಲಿ ಇಲ್ಲಿಯ ಮೆಸಾಚುಸೆಟ್ಸ್‌ನವರು ಇಂಗ್ಲೆಂಡಿನ ಪರವಾಗಿ ಹೋಗಿ ಫ್ರೆಂಚರ ಲೂಯಿಬರ್ಗ್ ಕೋಟೆ ಗೆದ್ದರು. ಅದರ ಖರ್ಚನ್ನು ಪಾರ್ಲಿಮೆಂಟು 1749ರಲ್ಲಿ ಬೆಳ್ಳಿ ಡಾಲರು, ತಾಮ್ರದ ಕಾಸುಗಳ ರೂಪದಲ್ಲಿ ಪೆಟ್ಟಿಗೆಗಟ್ಟಲೆ ಹಡಗಿನಲ್ಲಿ ಕಳಿಸಿತು. ಥಾಮಸ್ ಹಚಿನ್ಸನ್ ಎಂಬ ಶ್ರೀಮಂತ ವ್ಯಾಪಾರಿ-ರಾಜಕಾರಣಿ ಹಟ ಹಿಡಿದು, ಇಡೀ ಬೆಳ್ಳಿಯನ್ನು ಹಳೇ ಕಾಗದ ಕೊಂಡು ಸುಡಲಿಕ್ಕೇ ಬಳಸಬೇಕು ಎಂದು ಕಾನೂನು ಮಾಡಿಸಿದ. ಆಮೇಲೆ ಮೆಸಾಚುಸೆಟ್ಸ್ ಬೆಳ್ಳಿಗೆ ಮರಳಿತು. ಅಂದರೆ ಬೆಳ್ಳಿ ಬಂದದ್ದು ಯಾರ ಶಿಸ್ತಿನಿಂದಲೂ ಅಲ್ಲ, ಯುದ್ಧದ ಬಿಲ್ಲು ಪಾಸಾದದ್ದರಿಂದ. ಎಲ್ಲ ವಸಾಹತುಗಳಿಗೂ ಇಂಥ ಅದೃಷ್ಟ ಇರಲಿಲ್ಲ.

ಇನ್ನೊಂದು ವಿಷಯ. ಲೋಹ ಅಂದರೆ ಲೆಕ್ಕ ಸರಳ ಎಂದು ನಾವು ಅಂದುಕೊಳ್ಳುತ್ತೇವೆ. ಒಂದೇ ಸ್ಪ್ಯಾನಿಷ್ ಡಾಲರು ಬೋಸ್ಟನ್ನಿನಲ್ಲಿ 6 ಶಿಲ್ಲಿಂಗ್, ಫಿಲಡೆಲ್ಫಿಯಾದಲ್ಲಿ ಏಳೂವರೆ, ನ್ಯೂಯಾರ್ಕಿನಲ್ಲಿ 8, ಲಂಡನ್ನಿನಲ್ಲಿ ನಾಲ್ಕೂವರೆ. ಚಿಲ್ಲರೆ ಇಲ್ಲದಿದ್ದರೆ ಡಾಲರನ್ನೇ ಉಳಿಯಿಟ್ಟು ಎಂಟು ತುಂಡು ಮಾಡುತ್ತಿದ್ದರು. ಆ ಎಂಟರ ಲೆಕ್ಕ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ ನ್ಯೂಯಾರ್ಕ್ ಷೇರುಪೇಟೆಯಲ್ಲಿ 1997ರವರೆಗೂ ಬೆಲೆ ಹೇಳುತ್ತಿದ್ದದ್ದು ಡಾಲರಿನ ಎಂಟನೇ ಒಂದರ ಲೆಕ್ಕದಲ್ಲಿ.

ಮಲ್ನಾಡ್ ಮಾಣಿ

ಹೊಗೆಸೊಪ್ಪೇ ದುಡ್ಡು ಅಂದ್ರೆ ಹೇಗೆ? ಸಂತೆಗೆ ಮೂಟೆ ಹೊತ್ತುಕೊಂಡು ಹೋಗಬೇಕಾ? 😄

ಹಳೇನಾಣ್ಯ

@ಮಲ್ನಾಡ್ ಮಾಣಿ ಮೊದಲು ಹೆಚ್ಚುಕಡಿಮೆ ಹಾಗೇ ಇತ್ತು. ತೆರಿಗೆಗೆ ಎಲ್ಲರೂ ಕೊಳೆತ ಸೊಪ್ಪನ್ನೇ ತಂದು ಹಾಕುತ್ತಿದ್ದರು, ಒಳ್ಳೆಯದು ಲಂಡನ್ನಿಗೆ. 1730ರಲ್ಲಿ ವರ್ಜೀನಿಯಾದವರು ಸರ್ಕಾರಿ ಗೋದಾಮು ಮಾಡಿದರು. ಅಲ್ಲಿ ಸೊಪ್ಪು ಪರೀಕ್ಷೆ ಮಾಡಿ, ತೂಗಿ, ರಸೀದಿ ಕೊಡುತ್ತಿದ್ದರು. ಆ ರಸೀದಿಯೇ ಕೈಯಿಂದ ಕೈಗೆ ಹಣದಂತೆ ಓಡಾಡಿತು. ನೋಡಿ, ಹೊಗೆಸೊಪ್ಪೂ ಕೊನೆಗೆ ಕಾಗದವೇ ಆಯಿತು.

ಅಲ್ಲಿ ಪಾದ್ರಿಯ ವರ್ಷದ ಸಂಬಳ 16,000 ಪೌಂಡ್ (ಇಲ್ಲಿ ಪೌಂಡ್ ಅಂದರೆ ತೂಕ) ಹೊಗೆಸೊಪ್ಪು. 1758ರಲ್ಲಿ ಬೆಳೆ ಕೆಟ್ಟು ಸೊಪ್ಪಿನ ಬೆಲೆ ಏರಿತು. ಪಾದ್ರಿಗಳಿಗೆ ಖುಷಿ. ಆದರೆ ಅಲ್ಲಿನ ಶಾಸನಸಭೆ ಪೌಂಡಿಗೆ ಎರಡು ಪೆನ್ನಿಯಂತೆ ಹಣ ಕೊಟ್ಟರೆ ಸಾಕು ಎಂದಿತು. ರಾಜ ಆ ಕಾನೂನನ್ನು ತಳ್ಳಿಹಾಕಿದ. 1763ರಲ್ಲಿ ಒಬ್ಬ ಪಾದ್ರಿ ಬಾಕಿ ಕೇಳಿ ಕೋರ್ಟಿಗೆ ಹೋದರೆ, ಎದುರು ಪಕ್ಷದ ಯುವ ವಕೀಲ ಪ್ಯಾಟ್ರಿಕ್ ಹೆನ್ರಿಯ ಭಾಷಣ ಕೇಳಿದ ಜ್ಯೂರಿ ಪರಿಹಾರ ಕೊಟ್ಟದ್ದು ಬರೀ ಒಂದು ಪೆನ್ನಿ.

ಲೆಕ್ಕದ ಮೇಷ್ಟ್ರು

ಶೆಟ್ಟರ ಪ್ರಶ್ನೆಗೆ ಉತ್ತರ ಪೆನ್ಸಿಲ್ವೇನಿಯಾದಲ್ಲಿದೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

1723ರಲ್ಲಿ ಅಲ್ಲಿ ವ್ಯಾಪಾರವೆಲ್ಲ ನಿಂತುಹೋಗಿತ್ತು. ಗೋಧಿ ಇದೆ, ಕೊಳ್ಳುವವನಿದ್ದಾನೆ, ನಡುವೆ ಕಾಸಿಲ್ಲ. ಆಗ ವಸಾಹತು ಒಂದು ಸಾಲದ ಕಚೇರಿ ತೆರೆಯಿತು. ನಿಮ್ಮ ಜಮೀನು ಅಡ ಇಡಿ. ಜಮೀನಿನ ಬೆಲೆಯ ಅರ್ಧದಷ್ಟು ಸಾಲವನ್ನು ಹೊಸ ನೋಟಿನಲ್ಲಿ ಕೊಡುತ್ತೇವೆ. ಬಡ್ಡಿ ನೂರಕ್ಕೆ ಐದು. ವರ್ಷವರ್ಷ ಕಂತು ಕಟ್ಟಿ ತೀರಿಸಬೇಕು. ಮೊದಲ ಕಂತು ಬಿಡುಗಡೆ ಬರೀ 15,000 ಪೌಂಡ್, ಸಾಲದೆ ಬಂದಾಗ ಇನ್ನೊಂದು 30,000. ಸಾಲ ಪಡೆದ ರೈತನಿಗೆ ಕಂತು ಕಟ್ಟಲು ಇದೇ ನೋಟು ಬೇಕು. ಆದ್ದರಿಂದ ಅವನು ತನ್ನ ಗೋಧಿಯನ್ನು ಈ ನೋಟಿಗೆ ಮಾರಲು ಸದಾ ತಯಾರು. ಅವನು ತಯಾರಿದ್ದಾನೆಂದು ಅಂಗಡಿಯವನೂ ತಗೋತಾನೆ. ಬಡ್ಡಿ ಹಣದಲ್ಲಿ ಸರ್ಕಾರದ ಖರ್ಚು ಬಹುಮಟ್ಟಿಗೆ ನಡೆದುಹೋಗುತ್ತಿತ್ತು, ತೆರಿಗೆ ಕಡಿಮೆ. ಈ ನೋಟು ರೋಡ್ ಐಲೆಂಡಿನದರಂತೆ ಕುಸಿಯಲಿಲ್ಲ. ವಸಾಹತುಗಳ ಕಾಗದದ ಹಣವನ್ನು ಕಂಡರಾಗದ ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್ ಕೂಡ ಪೆನ್ಸಿಲ್ವೇನಿಯಾದವರು ಉಳಿದವರಿಗಿಂತ ಮಿತವಾಗಿದ್ದರು ಎಂದು ಒಪ್ಪಿಕೊಂಡ.

1729ರಲ್ಲಿ ಇನ್ನಷ್ಟು ನೋಟು ಬೇಕೋ ಬೇಡವೋ ಎಂಬ ಜಗಳ ಎದ್ದಾಗ ಬೇಕು ಎಂದು ಕಿರುಹೊತ್ತಗೆ ಬರೆದವನು 23 ವರ್ಷದ ಬೆಂಜಮಿನ್ ಫ್ರಾಂಕ್ಲಿನ್. ಬೆಳ್ಳಿಯ ಬೆಲೆಯೂ ಏರಿಳಿಯುತ್ತದೆ, ಆದರೆ ಜಮೀನು ಎಲ್ಲಿಗೂ ಓಡಿಹೋಗುವುದಿಲ್ಲ ಎಂಬುದು ಅವನ ವಾದದ ತಿರುಳು.

ಶೆಟ್ರಂಗಡಿ

ಮೇಷ್ಟ್ರೇ, ಫ್ರಾಂಕ್ಲಿನ್ ಪ್ರೆಸ್ ಇಟ್ಟುಕೊಂಡಿದ್ದವನು! ನೋಟು ಅಚ್ಚು ಹಾಕುವ ಗುತ್ತಿಗೆ ಆಮೇಲೆ ಯಾರಿಗೆ ಸಿಕ್ಕಿತು ಹೇಳಿ ನೋಡೋಣ.

ಲೆಕ್ಕದ ಮೇಷ್ಟ್ರು

ಹ್ಹಹ್ಹ. ಅವನಿಗೇ ಸಿಕ್ಕಿತು. ಒಳ್ಳೇ ಲಾಭದ ಕೆಲಸ ಎಂದು ಅವನೇ ಬರೆದುಕೊಂಡಿದ್ದಾನೆ, ಮುಚ್ಚಿಡಲಿಲ್ಲ. ಆದರೆ ಕೆಲಸ ಚೆನ್ನಾಗಿಯೂ ಮಾಡಿದ. ಖೋಟಾ ತಡೆಯಲು ನಿಜವಾದ ಗಿಡದ ಎಲೆಯಿಂದ ಅಚ್ಚು ತೆಗೆದು, ಆ ಎಲೆಯ ಚಿತ್ರವನ್ನು ನೋಟಿನ ಹಿಂದೆ ಹಾಕಿದ. ಎಲೆಯ ನರಗಳು ಒಂದು ಕಡೆ ದಪ್ಪ, ಹೋಗ್ತಾ ಹೋಗ್ತಾ ಕೂದಲಿಗಿಂತ ಸಣ್ಣ. ಕೈಯಲ್ಲಿ ಕೊರೆಯುವವನಿಗೆ ಅದನ್ನು ನಕಲು ಮಾಡುವುದು ಬಲು ಕಷ್ಟ. ಅದೂ ಸಾಲದೆಂದು "ಖೋಟಾ ಮಾಡಿದರೆ ಮರಣದಂಡನೆ" ಎಂದು ನೋಟಿನ ಮೇಲೇ ಅಚ್ಚು.

ಸುಮ್ನೆ ಓದುವವ

ಖೋಟಾ ವಿಷಯ ಬಂದಮೇಲೆ ನೆನಪಾಯ್ತು. ಇದು ನಮ್ಮ ತುಘಲಕ್ ದರ್ಬಾರಿನ ಕಥೆಯೇ ಅಲ್ವಾ? ಬೆಳ್ಳಿ ಬದಲು ತಾಮ್ರ ಹಿತ್ತಾಳೆ ನಾಣ್ಯ ನಡೆಯಲಿ ಎಂದ, ಮನೆಮನೆಯಲ್ಲೂ ಖೋಟಾ ಹೊಡೆದರು, ಕೊನೆಗೆ ಖಜಾನೆಯಿಂದ ಬೆಳ್ಳಿ ಕೊಟ್ಟು ವಾಪಸ್ ತಗೊಂಡ.

ಹಳೇನಾಣ್ಯ

ತುಘಲಕ್ ವಾಪಸಾದರೂ ತಗೊಂಡ. ಬ್ರಿಟನ್ ವಿರುದ್ಧ ಸ್ವಾತಂತ್ರ್ಯಯುದ್ಧಕ್ಕೆ ಇಳಿದ ಹದಿಮೂರು ವಸಾಹತುಗಳ ಒಟ್ಟು ಸಭೆಯಾದ ಅಮೆರಿಕದ ಕಾಂಗ್ರೆಸ್ಸಿಗೆ ಅದೂ ಆಗಲಿಲ್ಲ. ಈಗ ಮುಖ್ಯ ಭಾಗಕ್ಕೆ ಬರೋಣ.

ನನ್ನ ಸಂಗ್ರಹದಲ್ಲಿ 1776ರ ಫೆಬ್ರವರಿಯ ಒಂದು ನೋಟಿದೆ. ಡಾಲರಿನ ಮೂರನೇ ಒಂದು ಭಾಗದ್ದು, ಇಸ್ಪೀಟು ಎಲೆಗಿಂತ ಸ್ವಲ್ಪ ಚಿಕ್ಕದು. ಮುಂದುಗಡೆ ಸೂರ್ಯ, ಕೆಳಗೆ ನೆರಳು ಗಡಿಯಾರ, ಅದರ ಕೆಳಗೆ "ನಿನ್ನ ಕೆಲಸ ನೋಡಿಕೋ" ಎಂಬರ್ಥದ ಮಾತು. ಹಿಂದೆ ಹದಿಮೂರು ಬಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ, ಒಂದೊಂದರಲ್ಲೂ ಒಂದೊಂದು ವಸಾಹತಿನ ಹೆಸರು. ಕಾಗದ ದಪ್ಪ, ಒರಟು. ಬೆಳಕಿಗೆ ಓರೆ ಹಿಡಿದರೆ ಅಭ್ರಕದ ಚೂರುಗಳು ಮಿನುಗುತ್ತವೆ, ನೀಲಿ ಎಳೆಗಳೂ ಕಾಣುತ್ತವೆ. ಸಂಖ್ಯೆಯನ್ನೂ ಸಹಿಯನ್ನೂ ಕೈಯಲ್ಲೇ ಶಾಯಿಯಿಂದ ಬರೆದಿದ್ದಾರೆ. ಮೂರನೇ ಒಂದು ಡಾಲರಿಗೆ ಇಷ್ಟೆಲ್ಲ ಶ್ರಮ!

ಆದರೆ ಇದನ್ನು ಹೊರಡಿಸಿದ ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ರಾಜ್ಯಗಳು ತೆರಿಗೆ ಎತ್ತಿ ನೋಟು ವಾಪಸ್ ಕಳಿಸುತ್ತವೆ ಎಂದು ನಂಬಿಕೊಂಡು 1775ರ ಜೂನ್‌ನಲ್ಲಿ 20 ಲಕ್ಷ ಡಾಲರಿನಿಂದ ಶುರು ಮಾಡಿತು. ರಾಜ್ಯಗಳು ತೆರಿಗೆ ಎತ್ತುವ ಬದಲು ತಾವೂ ನೋಟು ಹೊಡೆದವು. 1779 ಮುಗಿಯುವಷ್ಟರಲ್ಲಿ ಕಾಂಗ್ರೆಸ್ಸಿನ ನೋಟೇ ಸುಮಾರು 24 ಕೋಟಿ ಡಾಲರ್. ಇದರ ಜೊತೆಗೆ ಬ್ರಿಟಿಷರ ಖೋಟಾ. 1777ರಲ್ಲಿ ಅವರ ಕೈಯಲ್ಲಿದ್ದ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಜಾಹೀರಾತೇ ಬಂದಿತ್ತು: ಬೇರೆ ವಸಾಹತುಗಳಿಗೆ ಹೋಗುವವರಿಗೆ ಕಾಂಗ್ರೆಸ್ಸಿನ ಖೋಟಾ ನೋಟು ಎಷ್ಟು ಬೇಕಾದರೂ ಸಿಗುತ್ತದೆ, ಬರೀ ಕಾಗದದ ಬೆಲೆ ಕೊಟ್ಟರೆ ಸಾಕು ಎಂದು. ಗಾಡಿ ತುಂಬ ನೋಟು ಕೊಟ್ಟರೂ ಗಾಡಿ ತುಂಬ ದಿನಸಿ ಸಿಗುವುದು ಕಷ್ಟ ಎಂದು 1779ರಲ್ಲಿ ಸೇನಾಪತಿ ವಾಷಿಂಗ್ಟನ್ ಗೋಳು ತೋಡಿಕೊಂಡ. 1780ರ ಮಾರ್ಚಿನಲ್ಲಿ ಕಾಂಗ್ರೆಸ್ಸೇ 40 ಕಾಗದಕ್ಕೆ 1 ಬೆಳ್ಳಿ ಎಂದು ಒಪ್ಪಿಕೊಂಡಿತು. ಮರುವರ್ಷ ಅದೂ ಉಳಿಯಲಿಲ್ಲ.

ಆದರೂ ಆ ಐದು ವರ್ಷ ಸೈನ್ಯ ಊಟ ಮಾಡಿದ್ದು ಬಹುಪಾಲು ಇದೇ ಕಾಗದದಿಂದ. ಬೇರೆ ದಾರಿ ಏನಿತ್ತು?

ಶೆಟ್ರಂಗಡಿ

ಸೈನ್ಯ ಊಟ ಮಾಡಿತು, ಸರಿ. ಊಟ ಹಾಕಿದವನ ಗತಿ? ನೋಟು ಬೇಡ ಎಂದ ರೈತನನ್ನು ದೇಶದ್ರೋಹಿ ಎಂದರು. ಬೇಕು ಎಂದವನ ಕೈಯಲ್ಲಿ ಅದು ಕರಗಿಹೋಯಿತು. ಇದು ತೆರಿಗೆಯೇ, ಆದರೆ ರಸೀದಿ ಇಲ್ಲದ ತೆರಿಗೆ. ಅದೂ ಯಾರು ಜಾಸ್ತಿ ನಂಬಿದರೋ ಅವರ ಮೇಲೆ ಜಾಸ್ತಿ ಬಿತ್ತು. ಬೆಳ್ಳಿ ಬಚ್ಚಿಟ್ಟವನು ಆರಾಮಾಗಿದ್ದ.

ಟಾಮ್ ಪೇನ್ ನೆನಪಿದೆಯಲ್ಲ, ಕ್ರಾಂತಿಯ ಬೆಂಕಿ ಹಚ್ಚಿದವನು, ಬಡವರ ಪರ. ಅವನೇ 1786ರಲ್ಲಿ ಏನು ಬರೆದ? ಕಾಗದವನ್ನು ಜನ ತಗೊಳ್ಳಲೇಬೇಕು ಎಂಬ ಕಾನೂನು ತರುವ ಶಾಸಕನಿಗೆ ಮರಣದಂಡನೆ ಕೊಡಬೇಕು ಎಂದ. ಈ ವಾದವನ್ನು ಬರೀ ಸಾಹುಕಾರರ ವಾದ ಎಂದು ತಳ್ಳಿಹಾಕಬೇಡಿ.

ಬೋಸ್ಟನ್ ಕನ್ನಡತಿ

ಪೇನ್ ಬರೆದ ಅದೇ 1786ರಲ್ಲಿ ಎರಡು ರಾಜ್ಯಗಳಲ್ಲಿ ಏನಾಯಿತು ನೋಡಿ, ಒಂದು ಬೆಳ್ಳಿಯ ದಾರಿ, ಇನ್ನೊಂದು ಕಾಗದದ ದಾರಿ.

ಮೆಸಾಚುಸೆಟ್ಸ್ ನೋಟು ಕೊಡುವುದಿಲ್ಲ ಎಂದಿತು. ಯುದ್ಧದ ಸಾಲ ತೀರಿಸಲು ದೊಡ್ಡ ತೆರಿಗೆ ಹಾಕಿತು, ಗಟ್ಟಿ ನಾಣ್ಯದಲ್ಲಿ ಕಟ್ಟಿ ಎಂದಿತು. ಪಶ್ಚಿಮದ ಹಳ್ಳಿಗಳಲ್ಲಿ ನಾಣ್ಯ ಎಲ್ಲಿಂದ ಬರಬೇಕು? ದನ, ಜಮೀನು ಜಪ್ತಿ, ಹರಾಜು, ಜೈಲು. ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದ ಡೇನಿಯಲ್ ಶೇಸ್ ಮತ್ತು ಅವನಂಥವರ ಹಿಂದೆ ರೈತರು ಎದ್ದರು. ಕೋರ್ಟುಗಳ ಬಾಗಿಲಿಗೆ ಅಡ್ಡ ನಿಂತರು, ಕೋರ್ಟು ಕೂರದಿದ್ದರೆ ಜಪ್ತಿ ಆದೇಶವೂ ಇಲ್ಲ ಎಂದು. 1787ರ ಜನವರಿಯಲ್ಲಿ ಸ್ಪ್ರಿಂಗ್‌ಫೀಲ್ಡಿನ ಶಸ್ತ್ರಾಗಾರದ ಎದುರು ಅವರ ಮೇಲೆ ಫಿರಂಗಿ ಹಾರಿಸಿದರು.

ಪಕ್ಕದ ರೋಡ್ ಐಲೆಂಡಿನಲ್ಲಿ ಸಾಲಗಾರರೇ ಚುನಾವಣೆ ಗೆದ್ದರು. ಒಂದು ಲಕ್ಷ ಪೌಂಡ್ ನೋಟು ಬಿಟ್ಟರು. ಮುಖಬೆಲೆಗೆ ತಗೊಳ್ಳದವರಿಗೆ ದಂಡ. ಸಾಲ ಕೊಟ್ಟವನು ನೋಟು ಒಲ್ಲೆ ಎಂದರೆ ಅದನ್ನು ನ್ಯಾಯಾಧೀಶರ ಹತ್ತಿರ ಇಟ್ಟು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರಾಯಿತು, ಸಾಲ ತೀರಿದಂತೆ. ಸಾಲ ಕೊಟ್ಟವರು ಸಾಲಗಾರರಿಗೆ ಹೆದರಿ ಊರು ಬಿಟ್ಟು ಓಡಿದ್ದು ಅಲ್ಲಿ ಮಾತ್ರ ಇರಬೇಕು! ಅಂಗಡಿಗಳು ಬಾಗಿಲು ಹಾಕಿದವು. ನ್ಯೂಪೋರ್ಟಿನ ಜಾನ್ ವೀಡನ್ ಎಂಬ ಮಾಂಸದಂಗಡಿಯವನು ಜಾನ್ ಟ್ರೆವೆಟ್ ಎಂಬವನ ನೋಟನ್ನು ಮುಖಬೆಲೆಗೆ ತಗೊಳ್ಳಲಿಲ್ಲ. ಕೇಸು ನಡೆಯಿತು. ನ್ಯಾಯಾಧೀಶರು ಇದನ್ನು ನಾವು ವಿಚಾರಿಸುವಂತಿಲ್ಲ ಎಂದು ಕೈಬಿಟ್ಟರು, ಶಾಸನಸಭೆ ಅವರನ್ನೇ ಕರೆಸಿ ವಿವರಣೆ ಕೇಳಿತು.

ಎರಡರಲ್ಲೂ ಯಾರೋ ಒಬ್ಬರ ಮನೆ ಮುರಿಯಿತು. ರೋಡ್ ಐಲೆಂಡಿನಲ್ಲಿ ಶೇಸ್ ತರಹದ ದಂಗೆ ಆಗಲಿಲ್ಲ ಎಂಬುದನ್ನೂ ನೆನಪಿಟ್ಟುಕೊಳ್ಳಿ.

ಮಲ್ನಾಡ್ ಮಾಣಿ

ಇದನ್ನೆಲ್ಲ ನೋಡಿಯೇ ಸಂವಿಧಾನದಲ್ಲಿ ನಿಷೇಧ ಹಾಕಿದ್ದಾ?

ಲೆಕ್ಕದ ಮೇಷ್ಟ್ರು

ರಾಜ್ಯಗಳಿಗೆ ಹೌದು, ಸ್ಪಷ್ಟವಾಗಿ. ರಾಜ್ಯಗಳು ನಾಣ್ಯ ಹೊಡೆಯುವಂತಿಲ್ಲ, ಕಾಗದ ಹೊರಡಿಸುವಂತಿಲ್ಲ, ಚಿನ್ನ ಬೆಳ್ಳಿ ನಾಣ್ಯ ಬಿಟ್ಟು ಬೇರೇನನ್ನೂ ಸಾಲ ತೀರಿಸಲು ಕಾನೂನುಬದ್ಧ ಮಾಡುವಂತಿಲ್ಲ. ಒಂದನೇ ವಿಧಿ, ಹತ್ತನೇ ಭಾಗ.

ಕೇಂದ್ರಕ್ಕೆ? ಇದೇ ಸ್ವಾರಸ್ಯ. ಕರಡಿನಲ್ಲಿ ಕಾಂಗ್ರೆಸ್ ನೋಟು ಹೊರಡಿಸಬಹುದು ಎಂಬ ಮಾತು ಇತ್ತು. 1787ರ ಆಗಸ್ಟ್ 16ರಂದು ಗವರ್ನರ್ ಮೋರಿಸ್ (ಗವರ್ನರ್ ಎಂಬುದು ಹೆಸರೇ, ಹುದ್ದೆಯಲ್ಲ) ಅದನ್ನು ತೆಗೆಯಿರಿ ಎಂದ. ಡೆಲವೇರ್‌ನ ಜಾರ್ಜ್ ರೀಡ್‌ಗೆ ಆ ಮಾತು ಬೈಬಲ್ಲಿನ ಮೃಗದ ಗುರುತಿನಷ್ಟು ಭಯಾನಕವಾಗಿ ಕಂಡಿತು. ನ್ಯೂ ಹ್ಯಾಂಪ್‌ಷೈರ್‌ನ ಲ್ಯಾಂಗ್ಡನ್ ಅದು ಉಳಿಯುವುದಾದರೆ ಇಡೀ ಸಂವಿಧಾನವೇ ಬೇಡ ಎಂದ. ಜಾರ್ಜ್ ಮೇಸನ್ ಮಾತ್ರ, ನನಗೂ ಕಾಗದ ಕಂಡರೆ ಆಗದು, ಆದರೆ ಕಾಗದ ನಿಷೇಧವಾಗಿದ್ದರೆ ಹೋದ ಯುದ್ಧ ನಡೆಸಲು ಆಗುತ್ತಿರಲಿಲ್ಲ, ಮುಂದಿನವರ ಕೈ ಕಟ್ಟಬೇಡಿ ಎಂದ. ಮತಕ್ಕೆ ಹಾಕಿದರು. 9 ರಾಜ್ಯ ತೆಗೆಯಲು, 2 ಉಳಿಸಲು. ಮಾತು ಹೋಯಿತು. ಆದರೆ ಅದರ ಜಾಗದಲ್ಲಿ "ಹೊರಡಿಸಕೂಡದು" ಎಂದು ಬರೆಯಲಿಲ್ಲ.

ಹಳೇನಾಣ್ಯ

ಶೆಟ್ರೇ, ನಿಮ್ಮ "ನಂಬಿದವನ ಮೇಲೆ ಜಾಸ್ತಿ ಬಿತ್ತು" ಎಂಬ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಅದರಲ್ಲಿ ಕಾಗದದ ಪಾತ್ರ ಎಷ್ಟು, ಮನುಷ್ಯರದೆಷ್ಟು?

1790ರಲ್ಲಿ ಖಜಾನೆ ಮಂತ್ರಿ ಹ್ಯಾಮಿಲ್ಟನ್ ಹಳೇ ಲೆಕ್ಕವೆಲ್ಲ ಚುಕ್ತಾ ಮಾಡಲು ಹೊರಟ. ಕಾಂಗ್ರೆಸ್ಸಿನ ಹಳೇ ನೋಟಿಗೆ ನೂರಕ್ಕೆ ಒಂದರಂತೆ ಬಾಂಡು. ಆದರೆ ಯುದ್ಧದ ಕೊನೆಯಲ್ಲಿ ಸೈನಿಕರಿಗೆ ಸಂಬಳದ ಬದಲು ಕೊಟ್ಟ ಸಾಲಪತ್ರಗಳಿಗೆ ಪೂರ್ತಿ ಮುಖಬೆಲೆ! ಆ ಹೊತ್ತಿಗೆ ಆ ಪತ್ರಗಳು ಸೈನಿಕರ ಕೈಯಲ್ಲಿ ಎಲ್ಲಿದ್ದವು? ಹೊಟ್ಟೆಪಾಡಿಗೆ ಕಾಲಾಣೆ ಅರ್ಧಾಣೆಗೆ ಮಾರಿಕೊಂಡಿದ್ದರು, ಕೊಂಡವರು ಪಟ್ಟಣದ ದುಡ್ಡಿದ್ದವರು. ಮೊದಲು ಪತ್ರ ಪಡೆದ ಸೈನಿಕನಿಗೂ ಒಂದು ಪಾಲು ಕೊಡೋಣ ಎಂದು ಕಾಂಗ್ರೆಸ್ ಸದಸ್ಯ ಮ್ಯಾಡಿಸನ್ ಕೇಳಿದ. 36ಕ್ಕೆ 13 ಮತಗಳಿಂದ ಬಿದ್ದುಹೋಯಿತು. ಎರಡೂ ಅದೇ ಕಾಂಗ್ರೆಸ್ಸಿನ ಕಾಗದ. ಒಂದು ಎಲ್ಲರ ಜೇಬಿನಲ್ಲಿದ್ದದ್ದು, ಇನ್ನೊಂದು ಕೆಲವರ ಪೆಟ್ಟಿಗೆಯಲ್ಲಿದ್ದದ್ದು.

ಬೋಸ್ಟನ್ ಕನ್ನಡತಿ

ಆ ಕೆಲವರಲ್ಲಿ ಅಬಿಗೇಲ್ ಆಡಮ್ಸ್ ಕೂಡ ಇದ್ದಳು! ಗಂಡ, ಮುಂದೆ ಅಧ್ಯಕ್ಷನಾದ ಜಾನ್ ಆಡಮ್ಸ್‌ಗೆ ಜಮೀನು ಕೊಳ್ಳುವ ಹುಚ್ಚು. ಈಕೆ ಸರ್ಕಾರಿ ಸಾಲಪತ್ರ ಕೊಂಡು ಅದಕ್ಕಿಂತ ಒಳ್ಳೇ ಲಾಭ ಮಾಡಿದಳು. ಜಾಣೆ, ಆದರೆ ಆ ಪತ್ರ ಮಾರಿದವನ ಕಡೆಯಿಂದ ನೋಡಿದರೆ ಬೇಜಾರಾಗುತ್ತದೆ.

ಶೆಟ್ರಂಗಡಿ

1790ರ ಲೆಕ್ಕದಲ್ಲಿ ಮೋಸ ಆಯಿತು, ಒಪ್ಪಿದೆ. ಆದರೆ ಅದಕ್ಕೇ ನಾನು ಲೋಹ ಎನ್ನುವುದು. ಬೆಳ್ಳಿಗೆ 36-13 ಬೇಕಿಲ್ಲ. ತಕ್ಕಡಿಗೆ ಹಾಕಿದರೆ ಅದರ ಬೆಲೆ ಅದೇ ಹೇಳುತ್ತದೆ.

ಹಳೇನಾಣ್ಯ

ತಕ್ಕಡಿ ಹಿಡಿದವನು ಯಾರು ಎಂಬುದೂ ಇದೆಯಲ್ಲ ಶೆಟ್ರೇ. ಆಗಿನ ಚಿನ್ನದ ನಾಣ್ಯದ ಅಂಚು ಕತ್ತರಿಸಿ, ಉಜ್ಜಿ ಪುಡಿ ಉದುರಿಸಿಕೊಳ್ಳುವವರು ಊರಿಗೊಬ್ಬರಿದ್ದರು. ನ್ಯೂಯಾರ್ಕಿನಲ್ಲಿ ಎಫ್ರಿಯಮ್ ಬ್ರಾಷರ್ ಎಂಬ ಅಕ್ಕಸಾಲಿಗ ಹೊರದೇಶದ ನಾಣ್ಯ ತೂಗಿ, ಸರಿಯಿದ್ದರೆ "ಇಬಿ" ಎಂದು ತನ್ನ ಮುದ್ರೆ ಒತ್ತುತ್ತಿದ್ದ. ಜನ ನಂಬುತ್ತಿದ್ದದ್ದು ಆ ಮುದ್ರೆಯನ್ನು. ನಮ್ಮ ಚಿನಿವಾರರೂ ಇದೇ ಕೆಲಸ ಮಾಡುತ್ತಿದ್ದರು.

ಸರ್ಕಾರದ ಮಾತನ್ನೂ ಬೆಳ್ಳಿ ಕೇಳಲಿಲ್ಲ. 1792ರ ಕಾನೂನಿನಲ್ಲಿ ಡಾಲರಿಗೆ 371.25 ಗ್ರೇನ್ (ಸುಮಾರು 24 ಗ್ರಾಂ) ಶುದ್ಧ ಬೆಳ್ಳಿ, ಚಿನ್ನ-ಬೆಳ್ಳಿಯ ದರ 1ಕ್ಕೆ 15 ಎಂದು ಬರೆದರು. ಯುರೋಪಿನಲ್ಲಿ ಒಂದು ಪಾಲು ಚಿನ್ನಕ್ಕೆ ಸುಮಾರು ಹದಿನೈದೂವರೆ ಪಾಲು ಬೆಳ್ಳಿ ಸಿಗುತ್ತಿತ್ತು. ಆದ್ದರಿಂದ ಚಿನ್ನ ಆ ಕಡೆ ಹೋಯಿತು. ಹೊಸ ಬೆಳ್ಳಿ ಡಾಲರನ್ನು ವೆಸ್ಟ್ ಇಂಡೀಸಿಗೆ ಒಯ್ದು, ಸ್ವಲ್ಪ ಹೆಚ್ಚು ತೂಕದ ಸ್ಪ್ಯಾನಿಷ್ ಡಾಲರಿಗೆ ಬದಲಾಯಿಸಿಕೊಂಡು ಬಂದು, ಅದನ್ನು ಕರಗಿಸಿ ಮತ್ತೆ ಟಂಕಸಾಲೆಗೆ ಕೊಡುತ್ತಿದ್ದರು. ಅಧ್ಯಕ್ಷ ಜೆಫರ್ಸನ್ನಿನ ಕಾಲದಲ್ಲಿ ಬೇಸತ್ತು ಬೆಳ್ಳಿ ಡಾಲರು ಹೊಡೆಯುವುದನ್ನೇ ನಿಲ್ಲಿಸಿದರು. ಸ್ಪೇನಿನ ಡಾಲರು ಅಮೆರಿಕದಲ್ಲಿ ಕಾನೂನುಬದ್ಧವಾಗಿ ನಡೆದದ್ದು 1857ರವರೆಗೆ!

ಸುಮ್ನೆ ಓದುವವ

ಒಂದು ಪ್ರಶ್ನೆ ಉಳಿಯಿತು. ಕರಡಿನಿಂದ ಆ ಮಾತು ತೆಗೆದಮೇಲೂ ಈಗಿನ ಹಸಿರು ನೋಟು ಹೇಗೆ ಬಂತು?

ಲೆಕ್ಕದ ಮೇಷ್ಟ್ರು

ಮತ್ತೆ ಯುದ್ಧ. ಅಂತರ್ಯುದ್ಧಕ್ಕೆ ದುಡ್ಡಿಲ್ಲದೆ 1862ರಲ್ಲಿ ಕಾಂಗ್ರೆಸ್ ನೋಟು ಹೊರಡಿಸಿ, ಎಲ್ಲರೂ ತಗೊಳ್ಳಲೇಬೇಕು ಎಂದಿತು. ಆಗ ಖಜಾನೆ ಮಂತ್ರಿ ಸಾಲ್ಮನ್ ಚೇಸ್. ಒಂದು ಡಾಲರಿನ ನೋಟಿನ ಮೇಲೆ ಅವನದೇ ಮುಖ. ಮುಂದೆ ಅವನೇ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶನಾದ. 1870ರಲ್ಲಿ ಕೇಸು ಬಂದಾಗ, ಹಳೇ ಸಾಲಕ್ಕೆ ಈ ನೋಟು ತಗೊಳ್ಳಿ ಎಂದು ಬಲವಂತ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಬರೆದ. ಮರುವರ್ಷ ಇಬ್ಬರು ಹೊಸ ನ್ಯಾಯಾಧೀಶರು ಸೇರಿದ ಕೋರ್ಟು ಆ ತೀರ್ಪನ್ನು ತಿರುಗಿಸಿ ಹಾಕಿತು. ಚೇಸ್ ಭಿನ್ನಮತ ಬರೆದ.

ಶೆಟ್ರಂಗಡಿ

ನೋಡಿದ್ರಾ, ಹೊಡೆಸಿದವನಿಗೇ ನಂಬಿಕೆ ಇರಲಿಲ್ಲ 😄 ಮೇಷ್ಟ್ರೇ, ಅಧ್ಯಕ್ಷ ಜಾಕ್ಸನ್ ಬ್ಯಾಂಕಿನ ಜೊತೆ ಮಾಡಿದ ಜಗಳಕ್ಕೆ ಬೇರೆ ಚರ್ಚೆ ಶುರು ಮಾಡಿ. 1836ರಲ್ಲಿ ಸರ್ಕಾರಿ ಜಮೀನಿಗೆ ಚಿನ್ನ ಬೆಳ್ಳಿಯನ್ನೇ ಕೊಡಬೇಕು ಎಂದನಲ್ಲ, ಅಲ್ಲಿ ನಾನು ನಿಮಗೆ ಕಾಯ್ತಿರ್ತೀನಿ.